ಮುಖದ ಕೆಂಪು: ಹಚ್ಚುವ ಔಷಧಗಳ ಬಲಾಬಲ

ಚಳಿ ಹಿಂದೆ ಸರಿದು ಬಿಸಿಲು ಏರತೊಡಗಿದೊಡನೆ ಕಬ್ಬೂರ, ಚಿಕ್ಕೋಡಿ, ರಾಯಬಾಗ ಭಾಗದಲ್ಲಿ ಮುಖದ ಉರಿಯನ್ನು ಹೇಳಿಕೊಂಡು ವೈದ್ಯರಲ್ಲಿಗೆ ಬರುವವರ ಸಂಖ್ಯೆ ಹೆಚ್ಚುತ್ತದೆ. "ಮಾರಿ ಉರೀತೈತ್ರಿ, ಒಲಿ ಮುಂದ ಕುಂತಂಗ ಆಗತೈತಿ" ಎಂಬುದು ನಾವು ಪದೇ ಪದೇ ಕೇಳುವ ಮಾತು. ಮೂಗು, ಎರಡೂ ಕೆನ್ನೆ, ಗದ್ದ ಮತ್ತು ಹಣೆಯ ನಡುಭಾಗ ಕೆಂಪೇರಿರುತ್ತವೆ. ಅಲ್ಲಲ್ಲಿ ಸಣ್ಣ ಗುಳ್ಳೆಗಳು, ಕೆಲವದರಲ್ಲಿ ಕೀವು. ಕೆಲವರು ಇದನ್ನು ಮೊಡವೆಯೆಂದು ತಿಳಿದಿರುತ್ತಾರೆ, ಕೆಲವರು ಪಿತ್ತವೆಂದು. ಈ ಎರಡೂ ತಿಳಿವಳಿಕೆಗಳ ನಡುವೆ ಔಷಧದ ಅಂಗಡಿಯಿಂದ ತಂದ ಒಂದೆರಡು ಮುಲಾಮುಗಳು ಆಗಲೇ ಮುಖಕ್ಕೆ ಬಿದ್ದಿರುತ್ತವೆ.

ಇವರಲ್ಲಿ ಹಲವರಿಗೆ ಇರುವುದು ರೋಸೇಷಿಯಾ ಎಂಬ ಚರ್ಮವ್ಯಾಧಿ. ಇನ್ನು ಹಲವರಿಗೆ ಇರುವುದು ರೋಸೇಷಿಯಾದಂತೆಯೇ ಕಾಣುವ, ಆದರೆ ಮುಲಾಮಿನಿಂದಲೇ ಹುಟ್ಟಿದ ವ್ಯಾಧಿ. ಮುಖಕ್ಕೆ ಹಚ್ಚುವ ಯಾವ ಔಷಧ ಎಷ್ಟರ ಮಟ್ಟಿಗೆ ಗುಣ ಕೊಡುತ್ತದೆ, ಯಾವುದು ಗುಣದ ವೇಷದಲ್ಲಿ ಕೇಡು ತರುತ್ತದೆ ಎಂಬುದನ್ನು ಈ ಸಂಚಿಕೆಯಲ್ಲಿ ಸ್ವಲ್ಪ ವಿಸ್ತಾರವಾಗಿ ವಿಚಾರಿಸೋಣ.

ವ್ಯಾಧಿಯ ಗುರುತು

ರೋಸೇಷಿಯಾ ಸಾಮಾನ್ಯವಾಗಿ ಮೂವತ್ತು ವಯಸ್ಸು ದಾಟಿದವರಲ್ಲಿ, ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚಾಗಿ ಕಾಣುವ ದೀರ್ಘಕಾಲದ ವ್ಯಾಧಿ. ಮೊದಲು ಮುಖ ಆಗಾಗ ಕೆಂಪೇರಿ ಬಿಸಿಯಾಗುತ್ತದೆ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಕಾಲಕ್ರಮದಲ್ಲಿ ಆ ಕೆಂಪು ಇಳಿಯದೆ ನೆಲೆನಿಲ್ಲುತ್ತದೆ, ಕೂದಲೆಳೆಯಂಥ ರಕ್ತನಾಳಗಳು ಚರ್ಮದ ಮೇಲೆ ಕಾಣತೊಡಗುತ್ತವೆ, ಗುಳ್ಳೆಗಳು ಏಳುತ್ತವೆ. ಕೆಲವರಿಗೆ, ವಿಶೇಷವಾಗಿ ಪುರುಷರಿಗೆ, ಮೂಗಿನ ಚರ್ಮ ದಪ್ಪವಾಗಿ ಗಂಟುಗಂಟಾಗುವುದೂ ಉಂಟು. ಮೊಡವೆಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ, ಮೊಡವೆಯಲ್ಲಿ ರಂಧ್ರ ಕಟ್ಟಿಕೊಂಡ ಕಪ್ಪುಚುಕ್ಕೆಗಳಿರುತ್ತವೆ. ರೋಸೇಷಿಯಾದಲ್ಲಿ ಅವು ಇರುವುದಿಲ್ಲ.

ಬಿಳಿಯ ಚರ್ಮದವರ ರೋಗವೆಂದು ಇದನ್ನು ಬಹುಕಾಲ ಭಾವಿಸಲಾಗಿತ್ತು. ನಮ್ಮ ಕಂದುಬಣ್ಣದ ಮುಖದಲ್ಲಿ ಕೆಂಪು ಸ್ಪಷ್ಟವಾಗಿ ಕಾಣದಿರುವುದೇ ಇದಕ್ಕೆ ಕಾರಣ. ಆದುದರಿಂದ ನಾವು ಕಣ್ಣಿಗಿಂತ ಮೊದಲು ಕಿವಿಯನ್ನು ನಂಬುತ್ತೇವೆ. ಬಿಸಿಲಿಗೆ, ಬಿಸಿ ಚಹಕ್ಕೆ, ಒಲೆಯ ಕಾವಿಗೆ ಮುಖ ಕಾಯುತ್ತದೆ, ಯಾವ ಸಾಬೂನು ಹಚ್ಚಿದರೂ ಚುರುಚುರು ಎನ್ನುತ್ತದೆ ಎಂದು ರೋಗಿ ಹೇಳಿದರೆ ಅರ್ಧ ನಿದಾನವಾದಂತೆ. ಬಳಿಕ ಅವರನ್ನು ಹಗಲ ಬೆಳಕಿಗೆ ಕರೆತಂದು ಕೆನ್ನೆಯ ಬಣ್ಣವನ್ನು ಕಿವಿಯ ಹಿಂಭಾಗದ ಬಣ್ಣದೊಡನೆ ಹೋಲಿಸಿ ನೋಡುತ್ತೇವೆ. ಗಾಜಿನ ಲೋಟದ ಬುಡವನ್ನು ಕೆನ್ನೆಗೆ ಮೆಲ್ಲನೆ ಒತ್ತಿದಾಗ ಕೆಂಪು ಮಾಯವಾಗಿ ಎತ್ತಿದೊಡನೆ ಮರಳಿದರೆ, ಅದು ನಾಳಗಳಲ್ಲಿ ತುಂಬಿದ ರಕ್ತದ ಕೆಂಪು.

ಇದರ ಕಾರಣ ಒಂದೇ ಅಲ್ಲ. ಮುಖದ ರಕ್ತನಾಳಗಳು ಅಲ್ಪಕಾರಣಕ್ಕೂ ಹಿಗ್ಗುವುದು ಒಂದು. ಎಲ್ಲ ಪ್ರೌಢರ ಮುಖದ ರೋಮಕೂಪಗಳಲ್ಲೂ ವಾಸಿಸುವ ಡೆಮೊಡೆಕ್ಸ್ ಎಂಬ ಕಣ್ಣಿಗೆ ಕಾಣದ ನುಸಿಯು ಇವರಲ್ಲಿ ಅತಿಯಾಗಿ ಬೆಳೆಯುವುದು ಇನ್ನೊಂದು. ಸೋಂಕನ್ನು ತಡೆಯಬೇಕಾದ ಚರ್ಮದ ಸಹಜ ರಕ್ಷಣಾವ್ಯವಸ್ಥೆಯೇ ಅತಿರೇಕಕ್ಕೆ ಹೋಗಿ ಉರಿಯೂತವನ್ನು ಹುಟ್ಟಿಸುವುದು ಮತ್ತೊಂದು. ಅಮೆರಿಕದ ಸ್ಯಾನ್ ಡಿಯಾಗೋದ ರಿಚರ್ಡ್ ಗ್ಯಾಲೋ ಅವರ ತಂಡ 2007ರಲ್ಲಿ ಇದನ್ನು ತೋರಿಸಿಕೊಟ್ಟಿತು.

ಆಯುರ್ವೇದದಲ್ಲಿ ರೋಸೇಷಿಯಾಕ್ಕೆ ಸರಿಸಮನಾದ ಒಂದೇ ಹೆಸರನ್ನು ಹುಡುಕುವುದು ಉಚಿತವಲ್ಲವೆಂದು ನಮ್ಮ ಅಭಿಪ್ರಾಯ. ಸುಶ್ರುತ ಸಂಹಿತೆಯ ನಿದಾನಸ್ಥಾನದ ಕ್ಷುದ್ರರೋಗಾಧ್ಯಾಯದಲ್ಲಿ ಬರುವ ಮುಖದೂಷಿಕೆಯು ತಾರುಣ್ಯದ ಮೊಡವೆ. ವ್ಯಂಗವು ಬಂಗಿಗೆ ಹತ್ತಿರವಾದದ್ದು. ರೋಸೇಷಿಯಾದ ಲಕ್ಷಣಗಳನ್ನು ಪಿತ್ತ ಮತ್ತು ರಕ್ತದ ದುಷ್ಟಿಯೆಂದು ಗ್ರಹಿಸಿ ಚಿಕಿತ್ಸೆ ಮಾಡುವುದು ವಾಡಿಕೆ. ಇಲ್ಲಿ ಒಂದು ಶಾಸ್ತ್ರವಿಚಾರ ಗಮನಾರ್ಹ. ಚರ್ಮದಲ್ಲಿರುವ ಭ್ರಾಜಕ ಪಿತ್ತವು ಅಭ್ಯಂಗ, ಪರಿಷೇಕ, ಲೇಪಗಳಲ್ಲಿ ಬಳಸಿದ ದ್ರವ್ಯಗಳನ್ನು ಪಚನ ಮಾಡುತ್ತದೆಂದು ಸುಶ್ರುತರು ಹೇಳುತ್ತಾರೆ. ಅಂದರೆ ತಿಂದದ್ದು ಹೇಗೋ ಹಚ್ಚಿದ್ದೂ ಹಾಗೆ, ಒಳಗೆ ಸೇರುತ್ತದೆ. "ಮ್ಯಾಲ ಹಚ್ಚೂದಲ್ರಿ, ಏನೂ ಆಗಂಗಿಲ್ಲ" ಎಂದು ಹೇಳುವವರು ಇದನ್ನು ನೆನಪಿಡಬೇಕು.

ಮೂರು ದಿನದ ಬೆಳಕು

ಕೆಲವು ವರ್ಷಗಳ ಹಿಂದೆ ಹತ್ತಿರದ ಹಳ್ಳಿಯ ಇಪ್ಪತ್ತೆರಡು ವಯಸ್ಸಿನ ಹೆಣ್ಣುಮಗಳೊಬ್ಬಳನ್ನು ಆಕೆಯ ತಾಯಿ ನಮ್ಮಲ್ಲಿಗೆ ಕರೆತಂದಿದ್ದರು. ಲಗ್ನಕ್ಕೆ ಆರು ವಾರವಿತ್ತು. ಇಡೀ ಮುಖ ಕೆಂಡದಂತೆ ಕೆಂಪಾಗಿ, ಬಾಯಿಯ ಸುತ್ತ ಕೀವುಗುಳ್ಳೆಗಳೆದ್ದು, ಕೆನ್ನೆಯ ಮೇಲೆ ಸಣ್ಣ ಕೂದಲು ಬೆಳೆದಿತ್ತು. ಎರಡು ವರ್ಷದಿಂದ ಪ್ರತಿರಾತ್ರಿ ಒಂದೇ ಟ್ಯೂಬು. ಮೊದಲು ಅದು ಬಂದದ್ದು ಅತ್ತಿಗೆಯ ಕಾಲಿನ ಗಜಕರ್ಣಕ್ಕೆ. ಅದನ್ನು ಮುಖಕ್ಕೆ ಹಚ್ಚಿದ ಮೂರೇ ದಿನದಲ್ಲಿ ಮುಖ ಬೆಳ್ಳಗಾದದ್ದನ್ನು ಕಂಡು ಮನೆಯ ಹೆಣ್ಣುಮಕ್ಕಳೆಲ್ಲ ಹಚ್ಚತೊಡಗಿದ್ದರು. ಬಿಟ್ಟರೆ ಉರಿ, ಹಚ್ಚಿದರೆ ತಂಪು. "ಇದನ್ನ ಬಿಟ್ರ ಮಾರಿ ಕೆಡತೈತ್ರಿ, ಅದಕ್ಕ ಬಿಟ್ಟಿಲ್ಲ" ಎಂದು ತಾಯಿ ಹೇಳಿದರು. ಅವರು ಹೇಳಿದ ಆ ಅನುಭವ ನಿಜವೇ ಆಗಿತ್ತು. ಅದರಿಂದ ಅವರು ತೆಗೆದ ತೀರ್ಮಾನ ಮಾತ್ರ ತಿರುವುಮುರುವಾಗಿತ್ತು.

ಆ ಟ್ಯೂಬಿನಲ್ಲಿದ್ದುದು ಕ್ಲೋಬೆಟಾಸಾಲ್ ಎಂಬ ಅತ್ಯಂತ ತೀವ್ರ ಸ್ಟೀರಾಯ್ಡ್. ಸ್ಟೀರಾಯ್ಡು ಚರ್ಮಕ್ಕೆ ತಾಗಿದಾಗ ರಕ್ತನಾಳಗಳು ಕುಗ್ಗಿ ಚರ್ಮ ಬಿಳಿಚಿಕೊಳ್ಳುತ್ತದೆ. 1962ರಲ್ಲಿ ಮೆಕೆಂಜಿ ಮತ್ತು ಸ್ಟೌಟನ್ ಎಂಬ ವಿಜ್ಞಾನಿಗಳು ಈ ಬಿಳಿಚುವಿಕೆಯನ್ನೇ ಅಳತೆಗೋಲನ್ನಾಗಿ ಮಾಡಿದರು. ಯಾವ ಸ್ಟೀರಾಯ್ಡು ಚರ್ಮವನ್ನು ಹೆಚ್ಚು ಬಿಳಿಚಿಸುತ್ತದೋ ಅದು ಹೆಚ್ಚು ತೀವ್ರವೆಂದು ಇಂದಿಗೂ ಲೆಕ್ಕ ಹಾಕುತ್ತಾರೆ. ಮೂರು ದಿನದಲ್ಲಿ ಕನ್ನಡಿಯಲ್ಲಿ ಕಾಣುವ ಹೊಳಪು ಇದೇ. ಬಣ್ಣ ತಿಳಿಯಾದದ್ದಲ್ಲ, ರಕ್ತ ಹಿಂದೆ ಸರಿದದ್ದು. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗುತ್ತದೆ, ಕುಗ್ಗಿದ ನಾಳಗಳು ಸೋತು ಹಿಗ್ಗಿ ನಿಲ್ಲುತ್ತವೆ, ಚರ್ಮದ ಕಾವಲು ಕುಗ್ಗಿದುದರಿಂದ ನುಸಿಗಳು ಬೆಳೆಯುತ್ತವೆ. ಒಂದು ದಿನ ಬಿಟ್ಟರೂ ಮುಖ ಭುಗಿಲೇಳುತ್ತದೆ. 1974ರಲ್ಲಿ ಲೇಡನ್, ಥ್ಯೂ ಮತ್ತು ಕ್ಲಿಗ್‌ಮನ್ ಎಂಬ ಅಮೆರಿಕದ ವೈದ್ಯರು ಇದನ್ನು ಸ್ಟೀರಾಯ್ಡ್ ರೋಸೇಷಿಯಾ ಎಂಬ ಹೆಸರಿನಿಂದ ವಿವರಿಸಿದರು. ನಮ್ಮ ದೇಶದಲ್ಲಿ 2008ರಲ್ಲಿ ಡಾ. ಕೌಶಿಕ್ ಲಾಹಿರಿ ಮತ್ತು ಡಾ. ಅರಿಜಿತ್ ಕುಂಡು ಅವರು ಇಂಥ ಮುಖಕ್ಕೆ ಪ್ರತ್ಯೇಕ ಹೆಸರನ್ನೇ ಕೊಟ್ಟು ವೈದ್ಯಲೋಕದ ಗಮನ ಸೆಳೆದರು.

ಇದು ಒಂದೆರಡು ಮನೆಗಳ ಕಥೆಯೆಂದು ತಿಳಿಯಬಾರದು. 2011ರಲ್ಲಿ ಪ್ರಕಟವಾದ, ಭಾರತದ ಹಲವು ಕೇಂದ್ರಗಳಲ್ಲಿ ನಡೆದ ಅಧ್ಯಯನದಲ್ಲಿ ಮುಖದ ಚರ್ಮವ್ಯಾಧಿಯಿಂದ ಬಂದ 2926 ರೋಗಿಗಳನ್ನು ಪರೀಕ್ಷಿಸಿದಾಗ 433 ಮಂದಿ, ಅಂದರೆ ಶೇಕಡ 14.8ರಷ್ಟು ಜನ, ಮುಖಕ್ಕೆ ಸ್ಟೀರಾಯ್ಡು ಹಚ್ಚುತ್ತಿದ್ದರು. ಅವರಲ್ಲಿ ಶೇಕಡ 29ರಷ್ಟು ಮಂದಿ ಹಚ್ಚುತ್ತಿದ್ದುದು ಬಣ್ಣ ಬರಲೆಂದು ಅಥವಾ ಸಾಮಾನ್ಯ ಕ್ರೀಮಿನಂತೆ. ಶೇಕಡ 59ಕ್ಕಿಂತ ಹೆಚ್ಚು ಜನರಿಗೆ ಅದನ್ನು ಸೂಚಿಸಿದವರು ವೈದ್ಯರೇ ಅಲ್ಲ. ಹಳ್ಳಿ ಮತ್ತು ಪಟ್ಟಣದಂಚಿನ ಜನರು ಹೆಚ್ಚು ತೀವ್ರವಾದ ಸ್ಟೀರಾಯ್ಡುಗಳನ್ನೇ ಬಳಸುತ್ತಿದ್ದರು. ಹಚ್ಚುತ್ತಿದ್ದ ನೂರು ಮಂದಿಯಲ್ಲಿ ತೊಂಬತ್ತು ಮಂದಿಗೆ ಯಾವುದಾದರೊಂದು ದುಷ್ಪರಿಣಾಮ ಕಂಡಿತ್ತು. ಚರ್ಮವೈದ್ಯರ ಸಂಘದ ಸತತ ಒತ್ತಾಯದ ಬಳಿಕ 2018ರಲ್ಲಿ ಕೇಂದ್ರ ಸರ್ಕಾರವು ಹಚ್ಚುವ 14 ಸ್ಟೀರಾಯ್ಡುಗಳಿಗೆ ಅದುವರೆಗೆ ಇದ್ದ ವಿನಾಯಿತಿಯನ್ನು ತೆಗೆದು, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ನಿಯಮ ಬಂದಿದೆ. ಟ್ಯೂಬು ಮಾತ್ರ ಇಂದಿಗೂ ಕೇಳಿದೊಡನೆ ಕೈಗೆ ಸಿಗುತ್ತದೆ.

ಆದುದರಿಂದ ಮನೆಯಲ್ಲಿರುವ ಟ್ಯೂಬನ್ನು ಓದಲು ಕಲಿಯುವುದೇ ಮೊದಲ ರಕ್ಷಣೆ. ದೊಡ್ಡ ಅಕ್ಷರದ ಹೆಸರನ್ನು ಬಿಟ್ಟು ಅದರ ಕೆಳಗಿನ ಸಣ್ಣ ಅಕ್ಷರಗಳನ್ನು ನೋಡಬೇಕು. ಬೀಟಾಮೆಥಾಸೋನ್, ಮೊಮೆಟಾಸೋನ್, ಬೆಕ್ಲೋಮೆಥಾಸೋನ್, ಫ್ಲುಯೊಸಿನೊಲೋನ್, ಕ್ಲೋಬೆಟಾಸಾಲ್ ಇವೆಲ್ಲ ಸ್ಟೀರಾಯ್ಡುಗಳು. 'ಸೋನ್', 'ಲೋನ್', 'ಟಾಸಾಲ್' ಎಂದು ಮುಗಿಯುವ ಹೆಸರು ಕಂಡರೆ ಮುಖಕ್ಕೆ ಹಚ್ಚುವ ಮುನ್ನ ವೈದ್ಯರನ್ನು ಕೇಳಬೇಕು. ಗಜಕರ್ಣದ ಔಷಧದೊಡನೆ ಸ್ಟೀರಾಯ್ಡು ಬೆರೆಸಿದ ಮಿಶ್ರಣಗಳೂ, ಬಂಗಿಗೆ ಕೊಡುವ ಮೂರು ಔಷಧಗಳ ಮಿಶ್ರಣಗಳೂ ಇದೇ ಗುಂಪಿನವು. ಬಂಗಿನ ಮಿಶ್ರಣವನ್ನು ತಜ್ಞರು ಕೆಲವೇ ವಾರಗಳಿಗೆ ಬರೆದುಕೊಡುತ್ತಾರೆ. ನಮ್ಮ ಜನ ಅದೇ ಚೀಟಿಯಲ್ಲಿ ಮೂರು ವರ್ಷ ಸಾಗಿಸುತ್ತಾರೆ.

ನಾವು ಆಯುರ್ವೇದದವರಾದುದರಿಂದ ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕಾಗಿದೆ. 'ಶುದ್ಧ ಗಿಡಮೂಲಿಕೆ' ಎಂಬ ಹೆಸರಿನಲ್ಲಿ ಸಂತೆ ಜಾತ್ರೆಗಳಲ್ಲಿ ಮಾರುವ, ತಯಾರಕರ ವಿಳಾಸವಾಗಲಿ ಪರವಾನಗಿ ಸಂಖ್ಯೆಯಾಗಲಿ ಇಲ್ಲದ ಡಬ್ಬಿಗಳನ್ನು ನಂಬಬಾರದು. ವಾರದೊಳಗೆ ಬಣ್ಣ ಕೊಡುವ ಯಾವ ಬೇರೂ ನಮ್ಮ ನಿಘಂಟುಗಳಲ್ಲಿಲ್ಲ. ಅಷ್ಟು ಬೇಗ ಫಲ ಕಂಡಿತೆಂದರೆ ಅದರಲ್ಲಿ ಸ್ಟೀರಾಯ್ಡೋ ಪಾದರಸವೋ ಸೇರಿದೆಯೆಂದು ಸಂಶಯಪಡಬೇಕು. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಪಾದರಸವಿದ್ದ ಬಣ್ಣದ ಕ್ರೀಮುಗಳನ್ನು ಹಚ್ಚಿದವರಲ್ಲಿ ಮೂತ್ರಪಿಂಡದ ರೋಗ ಕಂಡುಬಂದ ವರದಿ 2023ರಲ್ಲಿ ಹೊರಬಿದ್ದದ್ದು ಹಲವರಿಗೆ ನೆನಪಿರಬಹುದು.

ಸ್ಟೀರಾಯ್ಡನ್ನು ಬಿಡುವ ಬಗೆ ಹೇಗೆ? ಸೌಮ್ಯವಾದುದನ್ನು ಕೆಲವು ವಾರ ಹಚ್ಚಿದವರು ಒಮ್ಮೆಲೇ ನಿಲ್ಲಿಸಬಹುದು. ತೀವ್ರವಾದುದನ್ನು ತಿಂಗಳುಗಟ್ಟಲೆ ಹಚ್ಚಿದವರಿಗೆ ವೈದ್ಯರು ಹಂತಹಂತವಾಗಿ ಇಳಿಸಿ ಬಿಡಿಸುತ್ತಾರೆ. ಬಿಟ್ಟ ಕೆಲವೇ ದಿನಗಳಲ್ಲಿ ಮುಖ ಮೊದಲಿಗಿಂತ ಕೆಂಪಾಗಿ, ಊದಿಕೊಂಡು, ಗುಳ್ಳೆಗಳೇಳುತ್ತವೆ. ಈ ಉಲ್ಬಣ ಕೆಲವರಿಗೆ ವಾರಗಳಲ್ಲಿ, ದೀರ್ಘಕಾಲ ಹಚ್ಚಿದವರಿಗೆ ತಿಂಗಳುಗಳಲ್ಲಿ ಇಳಿಯುತ್ತದೆ. ಹೆಚ್ಚಿನವರು ಸೋಲುವುದು ಇಲ್ಲಿಯೇ. ಉರಿ ತಾಳಲಾರದೆ ಮತ್ತೆ ಅದೇ ಟ್ಯೂಬಿಗೆ ಕೈಹಾಕುತ್ತಾರೆ. ಈ ಅವಧಿಯಲ್ಲಿ ತಣ್ಣೀರಿನ ಬಟ್ಟೆ, ಸುವಾಸನೆಯಿಲ್ಲದ ಸಾದಾ ಕ್ರೀಮು, ಅಗತ್ಯವಿದ್ದರೆ ಚರ್ಮತಜ್ಞರು ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆ ಅಥವಾ ಟ್ಯಾಕ್ರೋಲಿಮಸ್ ಮುಲಾಮು ನೆರವಾಗುತ್ತವೆ. ಮೇಲೆ ಹೇಳಿದ ಹೆಣ್ಣುಮಗಳನ್ನು ನಾವು ಬೆಳಗಾವಿಯ ಚರ್ಮತಜ್ಞರಲ್ಲಿಗೆ ಕಳಿಸಿದೆವು. ಲಗ್ನದ ದಿನ ಆಕೆಯ ಮುಖದಲ್ಲಿ ಕೆಂಪಿತ್ತು. ಎರಡೂ ಮನೆಯ ಹಿರಿಯರಿಗೆ ವಿಷಯವನ್ನು ಮೊದಲೇ ತಿಳಿಸಿದ್ದರಿಂದ ಯಾರೂ ಕೊರತೆಯೆನ್ನಲಿಲ್ಲ. ಮುಖ ತಿಳಿಯಾಗಲು ಐದು ತಿಂಗಳು ಹಿಡಿಯಿತು. ಕೆನ್ನೆಯ ಮೇಲಿನ ಕೆಲವು ನಾಳಗಳು ಉಳಿದೇ ಇವೆ.

ಫಲ ಕೊಡುವ ಔಷಧಗಳು

ಇನ್ನು ನಿಜವಾದ ರೋಸೇಷಿಯಾಕ್ಕೆ ಹಚ್ಚುವ ಔಷಧಗಳ ವಿಚಾರ. ಇವು ಆಧುನಿಕ ವೈದ್ಯದ ಔಷಧಗಳು. ಇವುಗಳ ಬಗ್ಗೆ ಆಯುರ್ವೇದ ವೈದ್ಯರು ಬರೆಯುವುದೇಕೆ ಎಂದು ಕೆಲವರು ಕೇಳಬಹುದು. ರೋಗಿಗೆ ಹಿತವಾದುದನ್ನು ಯಾವ ಶಾಸ್ತ್ರದಿಂದ ಬಂದರೂ ಅರಿತಿರುವುದು ವೈದ್ಯಧರ್ಮವೆಂದು ನಾವು ತಿಳಿದಿದ್ದೇವೆ.

ಔಷಧದ ಬಲವನ್ನು ಅಳೆಯುವ ರೀತಿಯನ್ನು ಮೊದಲು ಅರಿಯಬೇಕು. ರೋಗಿಗಳಲ್ಲಿ ಒಂದು ಭಾಗಕ್ಕೆ ಔಷಧವಿರುವ ಕ್ರೀಮನ್ನೂ, ಇನ್ನೊಂದು ಭಾಗಕ್ಕೆ ನೋಡಲು ಅದರಂತೆಯೇ ಇರುವ ಔಷಧರಹಿತ ಕ್ರೀಮನ್ನೂ ಕೊಡುತ್ತಾರೆ. ಯಾರಿಗೆ ಯಾವುದು ಸಿಕ್ಕಿತೆಂಬುದು ಕೊನೆಯವರೆಗೆ ಕೊಟ್ಟವರಿಗೂ ತಿಳಿಯದು, ಪಡೆದವರಿಗೂ ತಿಳಿಯದು. ಕಾಕ್ರೇನ್ ಸಂಸ್ಥೆಯು 2015ರಲ್ಲಿ ರೋಸೇಷಿಯಾ ಕುರಿತ ಇಂಥ 106 ಪ್ರಯೋಗಗಳನ್ನು, ಒಟ್ಟು 13,631 ರೋಗಿಗಳ ಫಲಿತಾಂಶಗಳನ್ನು ಒಟ್ಟಿಗೆ ತೂಗಿ ನೋಡಿತು. ಹಚ್ಚುವ ಔಷಧಗಳಲ್ಲಿ ಐವರ್‌ಮೆಕ್ಟಿನ್ ಮತ್ತು ಅಜೆಲಾಯಿಕ್ ಆಮ್ಲಗಳಿಗೆ ಬಲವಾದ ಆಧಾರವಿದೆಯೆಂದೂ, ಮೆಟ್ರೊನಿಡಜೋಲ್‌ಗೆ ಸಾಕಷ್ಟು ಆಧಾರವಿದೆಯೆಂದೂ ಅಲ್ಲಿ ಕಂಡುಬಂತು.

ಐವರ್‌ಮೆಕ್ಟಿನ್ ನಮ್ಮ ರೈತರಿಗೆ ಹೊಸದಲ್ಲ. ದನಗಳ ಹೇನು, ಉಣ್ಣೆ, ಜಂತುಗಳಿಗೆ ಕೊಡುವ ಔಷಧ ಇದೇ. ಇದನ್ನು ಕಂಡುಹಿಡಿದ ಕ್ಯಾಂಪ್‌ಬೆಲ್ ಮತ್ತು ಒಮುರಾ ಅವರಿಗೆ 2015ರಲ್ಲಿ ನೊಬೆಲ್ ಪುರಸ್ಕಾರ ಬಂದಿತು. (ದನದ ಔಷಧವನ್ನು ಮುಖಕ್ಕೆ ಹಚ್ಚಿಕೊಳ್ಳಬಹುದೇ ಎಂದು ಒಬ್ಬರು ನಮ್ಮನ್ನು ಕೇಳಿದ್ದುಂಟು. ಖಂಡಿತ ಕೂಡದು.) ಮುಖಕ್ಕೆಂದೇ ತಯಾರಾದ ಶೇಕಡ 1ರ ಕ್ರೀಮು ನುಸಿಯನ್ನೂ ಉರಿಯೂತವನ್ನೂ ತಗ್ಗಿಸುತ್ತದೆ. ದಿನಕ್ಕೊಮ್ಮೆ ಹಣೆ, ಗದ್ದ, ಮೂಗು ಮತ್ತು ಎರಡು ಕೆನ್ನೆಗಳಿಗೆ ಒಂದೊಂದು ಬಟಾಣಿಕಾಳಿನಷ್ಟು ತೆಳುವಾಗಿ ಹಚ್ಚಬೇಕು. ಎರಡು ದೊಡ್ಡ ಪ್ರಯೋಗಗಳಲ್ಲಿ 12 ವಾರಗಳ ಬಳಿಕ ಮುಖ ಪೂರ್ತಿ ಅಥವಾ ಬಹುಪಾಲು ತಿಳಿಯಾದವರು ಶೇಕಡ 38.4 ಮತ್ತು 40.1. ಔಷಧರಹಿತ ಕ್ರೀಮು ಹಚ್ಚಿದವರಲ್ಲಿ ಇದು ಶೇಕಡ 11.6 ಮತ್ತು 18.8. ಗುಳ್ಳೆಗಳ ಸಂಖ್ಯೆಯು ಔಷಧದಿಂದ ಸುಮಾರು ಮುಕ್ಕಾಲು ಭಾಗ ಇಳಿಯಿತು. ಸಾದಾ ಕ್ರೀಮಿನಿಂದ ಅರ್ಧದಷ್ಟು ಇಳಿಯಿತು.

ಈ ಅಂಕಿಗಳನ್ನು ನಾವು ರೋಗಿಗಳಿಗೆ ಬಿಡಿಸಿ ಹೇಳುತ್ತೇವೆ. ಇರುವ ಔಷಧಗಳಲ್ಲಿ ಉತ್ತಮವಾದುದನ್ನು ಹಚ್ಚಿದರೂ ಮೂರು ತಿಂಗಳ ಬಳಿಕ ಹತ್ತರಲ್ಲಿ ನಾಲ್ವರ ಮುಖ ತಿಳಿಯಾಗುತ್ತದೆ. ಮುಂದುವರಿಸಿದವರಿಗೆ ಫಲ ಹೆಚ್ಚುತ್ತ ಹೋಗುತ್ತದೆ. ಆದುದರಿಂದ ಹದಿನೈದು ದಿನ ಹಚ್ಚಿ "ಇದು ನಡ್ಯಂಗಿಲ್ರಿ" ಎಂದು ಬಿಡುವುದು ಅವಸರ. ಎರಡನೆಯದಾಗಿ, ಔಷಧವಿಲ್ಲದ ಸಾದಾ ಕ್ರೀಮೇ ಗುಳ್ಳೆಗಳನ್ನು ಅರ್ಧಕ್ಕಿಳಿಸಿತೆಂಬುದನ್ನು ಗಮನಿಸಿರಿ. ಒಣಗಿ ಬಿರಿದ ಚರ್ಮಕ್ಕೆ ಸ್ನಿಗ್ಧತೆ ಮರಳಿದರೆ ಅದೇ ಚಿಕಿತ್ಸೆಯ ದೊಡ್ಡ ಭಾಗ. ದುಬಾರಿ ಔಷಧವನ್ನು ಕೊಳ್ಳಲಾಗದವರೂ ಇಷ್ಟನ್ನು ಮಾಡಿಕೊಳ್ಳಬಹುದು.

ಮೆಟ್ರೊನಿಡಜೋಲ್ ಎಂದರೆ ಆಮಶಂಕೆಗೆ ಕೊಡುವ ಮಾತ್ರೆಯೆಂದು ಎಲ್ಲರಿಗೂ ಗೊತ್ತು. ಅದರ ಜೆಲ್ ರೋಸೇಷಿಯಾಕ್ಕೆ ದಶಕಗಳಿಂದ ಬಳಕೆಯಲ್ಲಿದೆ, ಬೆಲೆಯೂ ಕಡಿಮೆ, ಉರಿಯೂ ಕಡಿಮೆ. ಇದನ್ನು ಐವರ್‌ಮೆಕ್ಟಿನ್ ಜತೆ ನೇರವಾಗಿ ಹೋಲಿಸಿದ ಪ್ರಯೋಗವೊಂದರಲ್ಲಿ 16 ವಾರಗಳ ಬಳಿಕ ಗುಳ್ಳೆಗಳು ಐವರ್‌ಮೆಕ್ಟಿನ್‌ನಿಂದ ಶೇಕಡ 83ರಷ್ಟು, ಮೆಟ್ರೊನಿಡಜೋಲ್‌ನಿಂದ ಶೇಕಡ 73.7ರಷ್ಟು ಇಳಿದವು. ಅಂತರವಿದೆ, ಆದರೆ ಬಡವರ ಔಷಧವೆಂದು ಕಡೆಗಣಿಸುವಷ್ಟು ದೊಡ್ಡದಲ್ಲ. ಎರಡನ್ನೂ ನಿಲ್ಲಿಸಿದ ಮೇಲೆ ಮುಂದಿನ 36 ವಾರಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರಲ್ಲಿ ರೋಗ ಮರುಕಳಿಸಿತು. ರಕ್ತದೊತ್ತಡದಂತೆ ಇದನ್ನೂ ಹತೋಟಿಯಲ್ಲಿಡಬೇಕಾದ ವ್ಯಾಧಿಯೆಂದೇ ತಿಳಿಯಬೇಕು.

ಅಜೆಲಾಯಿಕ್ ಆಮ್ಲ ನಮ್ಮ ಜನರಿಗೆ ಹೆಚ್ಚು ಹೊಂದುತ್ತದೆಂದು ನಮ್ಮ ಅನಿಸಿಕೆ. ಗೋಧಿ, ಜವೆಗಳಲ್ಲೂ ಸಹಜವಾಗಿರುವ ದ್ರವ್ಯವಿದು. ಗುಳ್ಳೆಗಳನ್ನು ತಗ್ಗಿಸುವುದರ ಜತೆಗೆ ಅವು ಉಳಿಸಿಹೋದ ಕಪ್ಪು ಕಲೆಯನ್ನೂ ತಿಳಿಗೊಳಿಸುತ್ತದೆ. ಗರ್ಭಿಣಿಯರಿಗೆ ವೈದ್ಯರು ಧೈರ್ಯವಾಗಿ ಬರೆಯುವ ಕೆಲವೇ ಔಷಧಗಳಲ್ಲಿ ಇದೂ ಒಂದು. ಮೊದಲ ಎರಡು ಮೂರು ವಾರ ಚುರುಗುಟ್ಟುತ್ತದೆ. ದಿನ ಬಿಟ್ಟು ದಿನ ಆರಂಭಿಸಿ, ಸಾದಾ ಕ್ರೀಮು ಹಚ್ಚಿದ ಮೇಲೆ ಇದನ್ನು ಹಚ್ಚಿದರೆ ತಾಳಬಹುದು.

ಮೇಲಿನ ಮೂರೂ ಗುಳ್ಳೆಗಳ ಔಷಧಗಳು. ನೆಲೆನಿಂತ ಕೆಂಪಿನ ಮೇಲೆ ಇವುಗಳ ಪ್ರಭಾವ ಅಲ್ಪ. ಕೆಂಪಿಗೆಂದೇ ಬ್ರಿಮೊನಿಡಿನ್ ಎಂಬ ಜೆಲ್ ಇದೆ. ಹಚ್ಚಿದ ಅರ್ಧ ಗಂಟೆಯಲ್ಲಿ ನಾಳಗಳನ್ನು ಕುಗ್ಗಿಸಿ ಕೆಂಪನ್ನು ತಗ್ಗಿಸುತ್ತದೆ, ಫಲ ಹೆಚ್ಚೆಂದರೆ ಹನ್ನೆರಡು ಗಂಟೆ. ಇಳಿದ ಮೇಲೆ ಕೆಲವರಿಗೆ ಮೊದಲಿಗಿಂತ ಹೆಚ್ಚು ಕೆಂಪೇರುತ್ತದೆ. ದಿನನಿತ್ಯದ ಬಳಕೆಗೆ ನಾವು ಇದನ್ನು ಒಪ್ಪುವುದಿಲ್ಲ. ಕಣ್ಣಿನ ಕಾಚಬಿಂದುವಿಗೆ ಕೊಡುವ ಹನಿಗಳಲ್ಲೂ ಇದೇ ಔಷಧವಿರುತ್ತದೆ; ಆ ಹನಿಯನ್ನು ಮುಖಕ್ಕೆ ಸವರುವ ಸಾಹಸ ಬೇಡ. ಕಣ್ಣಿಗೆ ಕಾಣುವಂತೆ ಹಿಗ್ಗಿದ ನಾಳಗಳನ್ನು ಯಾವ ಮುಲಾಮೂ ಅಳಿಸದು. ಅದಕ್ಕೆ ದೊಡ್ಡ ಪಟ್ಟಣಗಳಲ್ಲಿ ಸಿಗುವ ಲೇಸರ್ ಚಿಕಿತ್ಸೆಯೊಂದೇ ದಾರಿ.

ಲೇಪಗಳ ವಿಚಾರ

ನಮ್ಮ ಶಾಸ್ತ್ರದ ಲೇಪಗಳನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ಶ್ರೀಗಂಧ, ಲಾವಂಚ, ಜ್ಯೇಷ್ಠಮಧು, ಮಂಜಿಷ್ಠ, ಲೋಧ್ರಗಳ ಲೇಪವು ಉರಿಯನ್ನು ಶಮನ ಮಾಡುವುದನ್ನು ನಾವು ಕಂಡಿದ್ದೇವೆ. ಗುಳ್ಳೆಗಳ ವಿಷಯದಲ್ಲಿ ಐವರ್‌ಮೆಕ್ಟಿನ್‌ಗೆ ಸಮನೆಂದು ಹೇಳಲು ಬೇಕಾದ ದೊಡ್ಡ ಪ್ರಯೋಗಗಳ ಆಧಾರ ಇವಕ್ಕಿಲ್ಲ. ಆದುದರಿಂದ ಇವನ್ನು ಸಹಾಯಕವಾಗಿ ಬಳಸುತ್ತೇವೆ.

ಲೇಪದ ವಿಧಿಯಲ್ಲಿ ಮಾತ್ರ ಪ್ರಾಚೀನರು ತೋರಿದ ಎಚ್ಚರ ಆಶ್ಚರ್ಯಕರವಾದುದು. ಅಷ್ಟಾಂಗಹೃದಯದ ಸೂತ್ರಸ್ಥಾನದ 22ನೆಯ ಅಧ್ಯಾಯದಲ್ಲಿ ಮುಖಲೇಪದ ದಪ್ಪವನ್ನೂ ಅಂಗುಲದ ಲೆಕ್ಕದಲ್ಲಿ ಹೇಳಿದೆ. ಲೇಪ ಒಣಗುವವರೆಗೆ ಬಿಡಬಾರದು, ಒಣಗಿದರೆ ಚರ್ಮದ ಕಾಂತಿ ಕೆಡುತ್ತದೆ, ತೆಗೆಯುವಾಗ ನೀರಿನಿಂದ ನೆನೆಸಿ ತೆಗೆಯಬೇಕು ಎಂಬುದು ವಾಗ್ಭಟರ ಆದೇಶ. ಲೇಪ ಹಚ್ಚಿಕೊಂಡವರು ಬೆಂಕಿ, ಬಿಸಿಲು, ಕೋಪ, ದುಃಖ, ಅತಿಮಾತು, ಹಗಲುನಿದ್ರೆಗಳನ್ನು ಬಿಡಬೇಕೆಂದೂ ಅಲ್ಲಿದೆ. ರೋಸೇಷಿಯಾವನ್ನು ಕೆರಳಿಸುವ ಕಾರಣಗಳೆಂದು ಇಂದಿನ ವೈದ್ಯರು ಕೊಡುವ ಪಟ್ಟಿಯಲ್ಲಿ ಬಿಸಿಲು, ಕಾವು, ಮನಸ್ಸಿನ ಉದ್ವೇಗಗಳೇ ಮೊದಲು ಬರುತ್ತವೆ. ಇಂದು ಮುಲ್ತಾನಿ ಮಣ್ಣನ್ನು ಹಚ್ಚಿ, ಬಿರುಕು ಬಿಡುವವರೆಗೆ ಫ್ಯಾನಿನಡಿ ಕುಳಿತು, ಕೆರೆದು ತೆಗೆಯುವ ಪದ್ಧತಿ ಎಲ್ಲಿಂದ ಬಂತೋ ತಿಳಿಯದು. ವಾಗ್ಭಟರ ಗ್ರಂಥದಿಂದಂತೂ ಬಂದುದಲ್ಲ.

ಉರಿ ಮುಖ್ಯವಾಗಿ ಗುಳ್ಳೆ ಇಲ್ಲದವರಿಗೆ ಶತಧೌತ ಘೃತವು ಹಿತಕರ. ತಾಮ್ರದ ತಟ್ಟೆಯಲ್ಲಿ ಹಸುವಿನ ತುಪ್ಪ ಹಾಕಿ, ತಣ್ಣೀರು ಸೇರಿಸಿ ಅಂಗೈಯಿಂದ ತಿಕ್ಕಿ, ನೀರು ಬಸಿದು, ಮತ್ತೆ ನೀರು ಹಾಕಿ ತಿಕ್ಕಬೇಕು. ಹೀಗೆ ನೂರು ಸಲ ತೊಳೆದಾಗ ತುಪ್ಪವು ಬೆಣ್ಣೆಯಂತೆ ಬೆಳ್ಳಗೆ, ಮೃದುವಾಗುತ್ತದೆ. ದಾಹ ಮತ್ತು ವಿಸರ್ಪದಂಥ ಪಿತ್ತಪ್ರಧಾನ ವ್ಯಾಧಿಗಳಿಗೆ ಚರಕ ಸಂಹಿತೆಯಲ್ಲಿ ತೊಳೆದ ತುಪ್ಪದ ವಿಧಾನವಿದೆ. ಸ್ವಲ್ಪ ಸ್ವಲ್ಪ ಮಾಡಿಟ್ಟುಕೊಂಡು ತಂಪಾದ ಕಡೆ ಇರಿಸಿ, ಬೇಗ ಬಳಸಿ ಮುಗಿಸಬೇಕು. ಕೀವುಗುಳ್ಳೆಗಳಿರುವ, ಜಿಡ್ಡಿನ ಮುಖದವರು ಇದನ್ನು ಹಚ್ಚಬಾರದು.

ಇನ್ನು ಲಿಂಬೆರಸ, ಅಡಿಗೆ ಸೋಡಾ, ಟೂತ್‌ಪೇಸ್ಟು, ಸಕ್ಕರೆ ಹಾಕಿ ತಿಕ್ಕುವುದು ಇವೆಲ್ಲ ರೋಸೇಷಿಯಾದ ಮುಖಕ್ಕೆ ವರ್ಜ್ಯ. ಅರಿಷಿಣವನ್ನೂ ದಪ್ಪಗೆ ಹಚ್ಚಿ ತಿಕ್ಕಬಾರದು. ವಿಭೂತಿಯ ಬಗ್ಗೆ ಭಕ್ತರು ಸಂಕೋಚದಿಂದ ಕೇಳುವುದುಂಟು. ಭಸ್ಮವು ಕ್ಷಾರಗುಣದ್ದು, ಒಣಗಿಸುವಂಥದ್ದು. ಹಣೆಯಲ್ಲಿ ಗುಳ್ಳೆ ಅಥವಾ ಉರಿ ಇರುವಷ್ಟು ದಿನ ತಿಕ್ಕದೆ, ತೆಳುವಾಗಿ, ಮೃದುವಾಗಿ ಧರಿಸಿದರೆ ಸಾಕು.

ಒಲೆ, ಚಹ, ಬಿಸಿಲು

ಹಚ್ಚುವ ಔಷಧ ಎಷ್ಟೇ ಉತ್ತಮವಾಗಿರಲಿ, ದಿನಕ್ಕೆ ಎರಡು ಹೊತ್ತು ಒಲೆಯ ಮುಂದೆ ಕುಳಿತು ಮನೆಮಂದಿಗೆಲ್ಲ ರೊಟ್ಟಿ ಬಡಿಯುವ ತಾಯಂದಿರಿಗೆ ಅದರ ಫಲ ಅರ್ಧವಾಗುತ್ತದೆ. ಗಾಣದ ಕೊಪ್ಪರಿಗೆಯ ಮುಂದೆ ಬೆಲ್ಲದ ಪಾಕ ನೋಡುವವರದೂ, ಕಬ್ಬು ಕಡಿಯುವವರದೂ ಇದೇ ಪಾಡು. ಕೆಲಸ ಬಿಡಿರೆಂದು ಹೇಳುವುದು ಸುಲಭ, ಮಾಡುವುದು ಅಶಕ್ಯ. ನಾವು ಹೇಳುವುದಿಷ್ಟು: ರೊಟ್ಟಿಯನ್ನು ನಸುಕಿನಲ್ಲಿ ಒಮ್ಮೆಗೇ ಮಾಡಿಟ್ಟುಕೊಳ್ಳಬೇಕು, ಕಾವು ನೇರ ಮುಖಕ್ಕೆ ಹೊಡೆಯದಂತೆ ಓರೆಯಾಗಿ ಕುಳಿತುಕೊಳ್ಳಬೇಕು, ನಡುನಡುವೆ ತಣ್ಣೀರನ್ನು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಳ್ಳಬೇಕು. ಮನೆಯ ಗಂಡಸರು ವಾರಕ್ಕೆರಡು ದಿನ ರೊಟ್ಟಿ ಬೇಯಿಸಿದರೆ ಅದೂ ಚಿಕಿತ್ಸೆಯೇ.

ಚಹ ಬಿಡಬೇಕೇ ಎಂದು ಎಲ್ಲರೂ ಕೇಳುತ್ತಾರೆ. 1981ರಲ್ಲಿ ಜೊನಾಥನ್ ವಿಲ್ಕಿನ್ ಎಂಬ ವೈದ್ಯರು ರೋಸೇಷಿಯಾ ರೋಗಿಗಳಿಗೆ ಬಿಸಿ ಕಾಫಿ, ಆರಿದ ಕಾಫಿ, ಬರಿಯ ಬಿಸಿನೀರು ಇವನ್ನು ಬೇರೆ ಬೇರೆಯಾಗಿ ಕುಡಿಸಿ ನೋಡಿದರು. 60 ಡಿಗ್ರಿ ಬಿಸಿಯಿದ್ದ ಕಾಫಿಯೂ ನೀರೂ ಎರಡೂ ಮುಖವನ್ನು ಕೆಂಪೇರಿಸಿದವು. ಆರಿದ ಕಾಫಿ ಕೆಂಪೇರಿಸಲಿಲ್ಲ. ಹಾಗಾಗಿ ಚಹ ಬಿಡಬೇಕಾಗಿಲ್ಲ, ಬಟ್ಟಲಿನಲ್ಲಿ ಆರಿಸಿ ಕುಡಿದರಾಯಿತು. ರಂಜಕ, ಕೆಂಪು ಚಟ್ನಿ ಎಲ್ಲರಿಗೂ ಕೆರಳಿಸುವುದಿಲ್ಲ. ಹದಿನೈದು ದಿನ ಬಿಟ್ಟು, ಮತ್ತೆ ತಿಂದು ತಮ್ಮ ಮುಖವನ್ನು ತಾವೇ ಪರೀಕ್ಷಿಸಿಕೊಳ್ಳಬೇಕು. ಮದ್ಯವಂತೂ ಎಲ್ಲ ವಿಧದಲ್ಲೂ ವರ್ಜ್ಯ.

ಬಿಸಿಲಿಗೆ ಅಗಲ ಅಂಚಿನ ಟೊಪ್ಪಿಗೆ ಅಥವಾ ತಲೆಯ ಮೇಲಿನ ಸೆರಗನ್ನು ಹಣೆಯ ಮುಂದಕ್ಕೆ ಎಳೆದುಕೊಳ್ಳುವುದು ಮೊದಲ ರಕ್ಷಣೆ. ಸನ್‌ಸ್ಕ್ರೀನ್ ಕೊಳ್ಳುವವರು ಜಿಂಕ್ ಆಕ್ಸೈಡ್ ಇರುವ, ಎಸ್‌ಪಿಎಫ್ 30 ಅಥವಾ ಹೆಚ್ಚಿನದನ್ನು ಆರಿಸಿಕೊಂಡರೆ ಉರಿ ಕಡಿಮೆ.

ತಡಮಾಡದೆ ತಜ್ಞರಲ್ಲಿಗೆ ಹೋಗಬೇಕಾದ ಸಂದರ್ಭಗಳನ್ನು ಹೇಳಿ ಲೇಖನ ಮುಗಿಸುತ್ತೇವೆ. ಕಣ್ಣು ಕೆಂಪಾಗಿ ಮರಳು ಬಿದ್ದಂತೆ ಚುಚ್ಚುತ್ತಿದ್ದರೆ, ರೆಪ್ಪೆಗಳು ಊದಿದ್ದರೆ, ಬೆಳಕು ನೋಡಲಾಗದಿದ್ದರೆ ರೋಸೇಷಿಯಾ ಕಣ್ಣಿಗೆ ಇಳಿದಿರಬಹುದು. ಕಣ್ಣಿನ ವೈದ್ಯರು ನೋಡಲೇಬೇಕು. ಕೆನ್ನೆಯ ಕೆಂಪಿನ ಜತೆ ಕೀಲುನೋವು, ಬಾಯಿಹುಣ್ಣು, ಕೂದಲುದುರುವಿಕೆ, ಜ್ವರವಿದ್ದರೆ ಅದು ಲೂಪಸ್ ಎಂಬ ಬೇರೆಯೇ ವ್ಯಾಧಿಯಾಗಿರಬಹುದು, ರಕ್ತಪರೀಕ್ಷೆ ಬೇಕು. ಮುಖ, ಕಿವಿಹಾಲೆಗಳು ದಪ್ಪಗಾಗಿ, ಹುಬ್ಬು ಉದುರಿ, ಕೈಕಾಲುಗಳಲ್ಲಿ ಸ್ಪರ್ಶ ಕಡಿಮೆಯಾಗಿದ್ದರೆ ಕುಷ್ಠರೋಗದ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದರ ಔಷಧ ಉಚಿತ, ರೋಗ ಪೂರ್ಣ ಗುಣವಾಗುತ್ತದೆ. ಯಾವ ವೈದ್ಯರಲ್ಲಿಗೆ ಹೋಗುವಾಗಲೂ ಅದುವರೆಗೆ ಮುಖಕ್ಕೆ ಹಚ್ಚಿದ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿರಿ: ಅರ್ಧ ಉಳಿದ ಟ್ಯೂಬು, ಖಾಲಿಯಾಗಿ ಸುರುಟಿಕೊಂಡ ಟ್ಯೂಬು, ಜಾತ್ರೆಯಲ್ಲಿ ಕೊಂಡ ಹೆಸರಿಲ್ಲದ ಡಬ್ಬಿ, ನೆರೆಮನೆಯವರು ಕಾಗದದಲ್ಲಿ ಕಟ್ಟಿಕೊಟ್ಟ ಪುಡಿ.